ಏರ್ ತೆಗೆಯುವ ಮುನ್ನ

ಬ್ರೇಕ್ ಪೆಡಲ್ ಮೆತ್ತಗಾಗಿದೆ ಎಂದು ಗ್ಯಾರೇಜಿಗೆ ಹೋದರೆ ಬಹುತೇಕ ಕಡೆ ಒಂದೇ ಉತ್ತರ: ‘ಏರ್ ಹಿಡಿದಿದೆ ಸರ್, ತೆಗೆದುಬಿಡೋಣ.’ ಒಬ್ಬ ಸೀಟಿನಲ್ಲಿ ಕೂತು ಪೆಡಲ್ ಒತ್ತುತ್ತಾನೆ, ಇನ್ನೊಬ್ಬ ಚಕ್ರದ ಬಳಿ ನಿಪ್ಪಲ್ ಸಡಿಲಿಸುತ್ತಾನೆ, ಒಂದಿಷ್ಟು ಬ್ರೇಕ್ ಆಯಿಲ್ ಹೊರಹೋಗುತ್ತದೆ. ವಾರ ಕಳೆಯುವಷ್ಟರಲ್ಲಿ ಪೆಡಲ್ ಮತ್ತೆ ಹಾಗೇ. ಒಳಗಿದ್ದದ್ದು ನಿಜಕ್ಕೂ ಗಾಳಿಯೇ, ಗಾಳಿಯಾದರೆ ಅದು ಬಂದದ್ದೆಲ್ಲಿಂದ ಎಂದು ಯಾರೂ ಕೇಳಿರುವುದಿಲ್ಲ. ಬ್ರೇಕ್ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಈ ಕೇಳುವ ಹಂತವೇ. ಸ್ಪ್ಯಾನರ್ ಮುಟ್ಟದೆ, ಬರೀ ಪಾದದಿಂದಲೇ ದೋಷದ ಜಾಡು ಹಿಡಿಯಬಹುದು.

ಪೆಡಲ್ ಕೆಡುವ ಬಗೆ ಮುಖ್ಯವಾಗಿ ಮೂರು. ಒತ್ತಿದಷ್ಟೂ ಪುಟಿಯುತ್ತ, ಗಟ್ಟಿ ನೆಲೆ ಸಿಗದಿರುವುದು ಒಂದು. ಒತ್ತಿ ಹಿಡಿದರೆ ನಿಧಾನವಾಗಿ ಇಳಿಯುತ್ತಲೇ ಹೋಗುವುದು ಇನ್ನೊಂದು. ಮೊದಲ ಸಲ ಆಳಕ್ಕೆ ಹೋಗಿ, ಮರುಕ್ಷಣ ಮತ್ತೆ ಒತ್ತಿದರೆ ಮೇಲೆಯೇ ಗಟ್ಟಿಯಾಗಿ ನಿಲ್ಲುವುದು ಮೂರನೆಯದು.

ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಿ. ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಟ್ಟರೆ, ಪಾದದ ಬಲಕ್ಕೆ ನೆರವಾಗುವ ಬೂಸ್ಟರ್‌ನಲ್ಲಿ ಉಳಿದ ನಿರ್ವಾತ ಖಾಲಿಯಾಗುತ್ತದೆ. ಈಗ ಗಟ್ಟಿಯಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಬಳಿಕ ಹಗುರಾಗಿ ಒತ್ತಿಯೂ ಹಿಡಿಯಿರಿ. ಪೆಡಲ್ ಒತ್ತಿದಾಗ ಎಣ್ಣೆಯನ್ನು ತಳ್ಳುವ ಮಾಸ್ಟರ್ ಸಿಲಿಂಡರಿನೊಳಗಿನ ಸವೆದ ವಾಷರ್ ಜೋರು ಒತ್ತಡಕ್ಕೆ ಬಿಗಿದು ನಿಂತು, ಸಿಗ್ನಲ್‌ನಲ್ಲಿ ಮೆಲ್ಲಗೆ ಒತ್ತಿದಾಗ ಮಾತ್ರ ಎಣ್ಣೆ ಬಿಟ್ಟುಕೊಡುವುದುಂಟು. ಒತ್ತಿ ಹಿಡಿದಿರುವಾಗಲೇ ಎಂಜಿನ್ ಸ್ಟಾರ್ಟ್ ಮಾಡಿದರೆ ಪೆಡಲ್ ತುಸು ಕೆಳಗೆ ಜಾರಿ ನಿಲ್ಲಬೇಕು. ಅದು ಬೂಸ್ಟರ್ ಕೆಲಸ ಮಾಡುತ್ತಿರುವ ಗುರುತು, ದೋಷವಲ್ಲ.

ಪೆಡಲ್ ಇಳಿಯುತ್ತಲೇ ಹೋದರೆ ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನೋಡಿ. ಪ್ಯಾಡ್ ಸವೆದಂತೆ ಅದು ತಿಂಗಳುಗಟ್ಟಲೆ ಕಾಲದಲ್ಲಿ ಸ್ವಲ್ಪ ಇಳಿಯುವುದು ಸಹಜ. ಬೇಗ ಇಳಿಯುತ್ತಿದ್ದರೆ ಹೊರಗೆ ಸೋರಿಕೆಯಿದೆ. ಟೈರಿನ ಒಳಮೈ, ಡ್ರಮ್ಮಿನ ಹಿಂಬದಿ, ಪೈಪಿನ ಜಾಯಿಂಟುಗಳಲ್ಲಿ ಒದ್ದೆ ಹುಡುಕಬೇಕು. ಎಲ್ಲೂ ಕಾಣದಿದ್ದರೆ ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ಸೇರುವ ಕಡೆ ಅನುಮಾನಿಸಿ. ಅಲ್ಲಿ ಸೋರಿದ ಎಣ್ಣೆ ಬೂಸ್ಟರ್ ಒಳಗೇ ಸೇರುವುದರಿಂದ ನೆಲದ ಮೇಲೆ ಒಂದು ಹನಿಯೂ ಬೀಳದಿರಬಹುದು. ಮಟ್ಟ ಇದ್ದಷ್ಟೇ ಇದ್ದು ಪೆಡಲ್ ಮಾತ್ರ ಇಳಿದರೆ ಮಾಸ್ಟರ್ ಸಿಲಿಂಡರಿನ ವಾಷರ್ ಸವೆದು ಎಣ್ಣೆ ಒಳಗೊಳಗೇ ಹಿಂದಕ್ಕೆ ಜಾರುತ್ತಿದೆ. ಖಾತ್ರಿ ಮಾಡಿಕೊಳ್ಳಲು ಅನುಭವಿ ಮೆಕ್ಯಾನಿಕ್ ಸಿಲಿಂಡರಿನಿಂದ ಹೊರಡುವ ಪೈಪುಗಳನ್ನು ಕಳಚಿ ಬಾಯಿಗಳನ್ನು ಪ್ಲಗ್ ಹಾಕಿ ಮುಚ್ಚುತ್ತಾರೆ. ಆಗ ಪೆಡಲ್ ಕಲ್ಲಿನಂತೆ ನಿಲ್ಲಬೇಕು. ಆಗಲೂ ಇಳಿದರೆ ತಪ್ಪಿತಸ್ಥ ಸಿಕ್ಕಂತೆಯೇ.

ಮೂರನೆಯ ಬಗೆಗೆ ಹಲವು ಸಲ ಎಣ್ಣೆ ಮುಟ್ಟುವ ಅಗತ್ಯವೇ ಇಲ್ಲ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಹಿಂದೆ ಡ್ರಮ್ ಬ್ರೇಕ್. ಲೈನರ್ ಸವೆದು, ಅಡ್ಜಸ್ಟರ್ ಜಾಮ್ ಆದರೆ ಲೈನರಿಗೂ ಡ್ರಮ್ಮಿಗೂ ನಡುವಿನ ಸಂದು ಬೆಳೆಯುತ್ತದೆ. ಹ್ಯಾಂಡ್‌ಬ್ರೇಕ್ ಬಿಟ್ಟು ಒಮ್ಮೆ, ಎಳೆದು ಒಮ್ಮೆ ಪೆಡಲ್ ಒತ್ತಿ ಹೋಲಿಸಿ. ಎಳೆದಾಗ ಪೆಡಲ್ ಮೇಲೆ ಸಿಕ್ಕರೆ ಹಿಂದಿನ ಸಂದೇ ಕಾರಣವಿರಬೇಕು.

ಪುಟಿಯುವ ಪೆಡಲಿಗೆ ಗಾಳಿ ಮೊದಲ ಶಂಕಿತ, ನಿಜ. ಆದರೆ ಹಳೆಯ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬಿದರೂ ಹೀಗೆಯೇ ಆಗುತ್ತದೆ. ಎಡಬಲದ ಕ್ಯಾಲಿಪರ್ ಅದಲುಬದಲಾಗಿ ನಿಪ್ಪಲ್ ಕೆಳಮುಖವಾದರೆ ಎಷ್ಟು ಸಲ ತೆಗೆದರೂ ಗಾಳಿ ಮೇಲ್ಭಾಗದಲ್ಲಿ ಉಳಿದೇಬಿಡುತ್ತದೆ.

ಇನ್ನೊಂದು ಕಾರಣ ಘಟ್ಟದ ರಸ್ತೆಯದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಎಣ್ಣೆ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ 140 ಸಾಕು. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಬ್ರೇಕ್ ಮೇಲೆಯೇ ಇಳಿದರೆ ಹಳೆಯ ಎಣ್ಣೆ ಕ್ಯಾಲಿಪರಿನಲ್ಲಿ ಕುದಿಯಬಹುದು. ಎಣ್ಣೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪಾದದ ಬಲವೆಲ್ಲ ಅಲ್ಲೇ ವ್ಯರ್ಥ. ರಾತ್ರಿ ತಣಿದು ಬೆಳಿಗ್ಗೆ ಪೆಡಲ್ ಗಟ್ಟಿಯಾಗಿದ್ದರೆ ‘ಸರಿಹೋಯಿತು’ ಎನ್ನಬೇಡಿ. ಎಣ್ಣೆ ಪೂರ್ತಿ ಬದಲಾಗಬೇಕು ಎಂಬುದೇ ಅದರರ್ಥ. ಎರಡು ವರ್ಷಕ್ಕೊಮ್ಮೆ ಬದಲಿಸುವುದು, ಮುಚ್ಚಳ ತೆಗೆದು ವರ್ಷವಾದ ಬಾಟಲಿಯನ್ನು ಸುರಿಯದಿರುವುದು, ಘಟ್ಟ ಇಳಿಯುವಾಗ ಸೆಕೆಂಡ್ ಗೇರಿನಲ್ಲಿರುವುದು, ಮಲೆನಾಡಿನವರಿಗಂತೂ ಕಡ್ಡಾಯ.

ಏರ್ ತೆಗೆಯಲೇಬೇಕಾದರೆ ಹಳೆಯ ಕಾರಿನಲ್ಲಿ ಪೆಡಲನ್ನು ನೆಲಕ್ಕೆ ತಾಗುವವರೆಗೆ ತುಳಿಯಕೂಡದು. ದಿನನಿತ್ಯ ವಾಷರ್ ಓಡಾಡದ ಸಿಲಿಂಡರ್ ಭಾಗ ತುಕ್ಕಿನಿಂದ ಒರಟಾಗಿರುತ್ತದೆ. ಅಲ್ಲಿಗೆ ತಳ್ಳಿದರೆ ಒಳ್ಳೆಯ ವಾಷರೂ ಹರಿಯುತ್ತದೆ. ಪೆಡಲಿನ ಕೆಳಗೊಂದು ಮರದ ತುಂಡು ಇಟ್ಟರೆ ಈ ಅಪಾಯವಿಲ್ಲ.

‘ಪಂಪ್ ಮಾಡಿದರೆ ಹಿಡಿಯುತ್ತೆ’ ಎಂಬ ಸಮಾಧಾನವನ್ನು ಮಾತ್ರ ಒಪ್ಪಬೇಡಿ. ಮಗು ಅಡ್ಡ ಬಂದಾಗ ಎರಡನೆಯ ಸಲ ತುಳಿಯಲು ಸಮಯವಿರುವುದಿಲ್ಲ. ಪೆಡಲ್ ನೆಲ ಮುಟ್ಟುತ್ತಿದ್ದರೆ ಗ್ಯಾರೇಜು ಎಷ್ಟೇ ಹತ್ತಿರವಿದ್ದರೂ ಕಾರನ್ನು ಓಡಿಸಿಕೊಂಡು ಹೋಗದೆ ಎತ್ತಿಸಿ ಕಳಿಸಿ. ಪೆಡಲ್ ಹೇಗೆ ಇಳಿಯಿತು, ಯಾವಾಗ ಇಳಿಯಿತು, ಎಣ್ಣೆಯ ಮಟ್ಟ ಎಷ್ಟಿದೆ ಎಂಬ ಮೂರನ್ನು ಮೆಕ್ಯಾನಿಕ್‌ಗೆ ಹೇಳಿ. ಒಳ್ಳೆಯ ಮೆಕ್ಯಾನಿಕ್ ಈ ಮೂರನ್ನು ಕೇಳಿಸಿಕೊಂಡ ಮೇಲೆಯೇ ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ.