ಅರಸನ ಕುಡಿತ, ಕಂಪನಿಯ ಲೆಕ್ಕ

ನಮ್ಮ ಅಮ್ಮಸಂದ್ರದ ಸುತ್ತಮುತ್ತ ಯಾರದಾದರೂ ತೆಂಗಿನ ತೋಟ ಕೈಬಿಟ್ಟು ಹೋದರೆ ಜನ ಕಾರಣಕ್ಕಾಗಿ ತುಂಬ ದೂರ ಹೋಗುವುದಿಲ್ಲ. 'ಕುಡಿದು ಕಳೆದ' ಎಂದುಬಿಡುತ್ತಾರೆ. ಕುಡಿದದ್ದು ನಿಜವೂ ಇರಬಹುದು. ಆದರೆ ಬತ್ತಿದ ಬೋರ್‌ವೆಲ್, ಬಿದ್ದುಹೋದ ಕೊಬ್ಬರಿ ಬೆಲೆ, ಸಾಲಪತ್ರದಲ್ಲಿದ್ದ ಬಡ್ಡಿ, ಇದ್ಯಾವುದೂ ಆ ಮಾತಿನೊಳಗೆ ಬರುವುದಿಲ್ಲ. ಮಾಸ್ತಿಯವರ 'ಚಿಕವೀರ ರಾಜೇಂದ್ರ'ವನ್ನು ಸಂಶೋಧನೆಗಾಗಿ ಮತ್ತೆ ಓದುವಾಗ ನನಗೆ ಈ ಮಾತು ಪದೇ ಪದೇ ನೆನಪಾಯಿತು.

1956ರಲ್ಲಿ ಬಂದ ಈ ಕಾದಂಬರಿ ಕೊಡಗಿನ ಹಾಲೇರಿ ವಂಶದ ಕೊನೆಯ ಅರಸನ ಕಥೆ. ಕುಡಿತ, ಹೆಣ್ಣಿನ ಚಟ, ಬಂಧುಗಳ ಮೇಲಿನ ಸಂಶಯ, ಕುಂಟ ಬಸವನ ಸಹವಾಸ, ಇವುಗಳ ನಡುವೆ ಅರಸ ಕುಸಿಯುತ್ತಾ ಹೋಗುತ್ತಾನೆ. ರಾಣಿ ಗೌರಮ್ಮಾಜಿ ತಡೆಯಲು ಹೆಣಗುತ್ತಾಳೆ. ಬೇಸತ್ತ ಮಂತ್ರಿ ಬೋಪಣ್ಣ ಇಂಗ್ಲಿಷರಿಗೆ ದಾರಿ ಬಿಡುತ್ತಾನೆ. 1834ರಲ್ಲಿ ಕೊಡಗು ಕಂಪನಿಯ ಪಾಲಾಗುತ್ತದೆ. ಓದಿ ಮುಗಿಸಿದವರಿಗೆ 'ಇಂಥ ರಾಜ ಹೋದದ್ದೇ ಒಳ್ಳೆಯದಾಯಿತು' ಅನ್ನಿಸಿದರೆ ಆಶ್ಚರ್ಯವಿಲ್ಲ. ಎಂ.ಎ. ಪರೀಕ್ಷೆಯಲ್ಲಿ ನಾನೂ ಹಾಗೆಯೇ ಬರೆದಿದ್ದೆ.

ಆ ಉತ್ತರದ ಮೇಲೆ ಅನುಮಾನ ಹುಟ್ಟಿದ್ದು ನಮ್ಮದೇ ಮೈಸೂರು ಸಂಸ್ಥಾನದ ಚರಿತ್ರೆ ಓದುವಾಗ. 1799ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡಗಳನ್ನು ಕಂಪನಿಗೆ ಕಟ್ಟಬೇಕಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ಕವಿಗಳಿಗೆ ಆಶ್ರಯ ಕೊಟ್ಟವರು. ಅವರನ್ನು ಯಾರೂ ಚಿಕವೀರನಂತೆ ಕ್ರೂರಿ ಎನ್ನಲಿಲ್ಲ. ಅವರ ಮೇಲೆ ಬಂದದ್ದು ದುಂದುಗಾರಿಕೆಯ, ದುರಾಡಳಿತದ ಆರೋಪ. ನಗರದ ರೈತರು ದಂಗೆಯೆದ್ದ ಮೇಲೆ, 1831ರಲ್ಲಿ, ಅವರ ಆಡಳಿತವನ್ನೂ ಕಂಪನಿ ಕಿತ್ತುಕೊಂಡಿತು. ಅರಸರಿಬ್ಬರ ಗುಣ ಬೇರೆ, ಆದದ್ದು ಮಾತ್ರ ಹೆಚ್ಚುಕಡಿಮೆ ಒಂದೇ. ಹಾಗಿದ್ದ ಮೇಲೆ ಅರಸನ ಗುಣವೊಂದನ್ನೇ ಕಾರಣ ಎನ್ನುವುದು ಹೇಗೆ?

ಜನರೆಲ್ಲರ ಇಚ್ಛೆಯಂತೆ ಕೊಡಗನ್ನು ಸೇರಿಸಿಕೊಂಡಿದ್ದೇವೆ ಎಂದು ಕಂಪನಿ ಸಾರಿತ್ತು. ಮೂರೇ ವರ್ಷಕ್ಕೆ, 1837ರಲ್ಲಿ, ಅಮರಸುಳ್ಯದ ರೈತರು ಹಾಲೇರಿ ವಂಶದವನೆಂದು ಹೇಳಿಕೊಂಡವನನ್ನು ಮುಂದಿಟ್ಟುಕೊಂಡು ಮಂಗಳೂರಿನವರೆಗೂ ನಡೆದರು. ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ಹೊಸ ಆಡಳಿತ ನಗದಿನಲ್ಲಿ ಕೇಳಿತ್ತು.

ಮಾಸ್ತಿಯವರು ಕಂಪನಿಯ ವಕಾಲತ್ತು ವಹಿಸಿದರು ಎಂದು ನಾನು ಹೇಳುತ್ತಿಲ್ಲ. ಒಳ್ಳೆಯವರೂ ನಾಡಿನ ಬಾಗಿಲನ್ನು ಪರರಿಗೆ ತೆರೆಯಬಲ್ಲರು ಎಂಬುದನ್ನು ಬೋಪಣ್ಣನ ಮೂಲಕ ಅವರು ಕಾಣಿಸಿದಂತೆ ಕನ್ನಡದಲ್ಲಿ ಕಾಣಿಸಿದವರು ಕಡಿಮೆ. ನನ್ನ ತಕರಾರು ಇಷ್ಟೇ: ಬಾಗಿಲ ಹೊರಗೆ ನಿಂತವರ ಆಸೆಗೆ ಕಾದಂಬರಿಯಲ್ಲಿ, ಒಳಗಿದ್ದವನ ದುಷ್ಟತನಕ್ಕೆ ಸಿಕ್ಕಷ್ಟು ಜಾಗ ಸಿಗಲಿಲ್ಲ.

ಪದಚ್ಯುತನಾದ ಚಿಕವೀರ ಕಾಶಿಯಲ್ಲಿದ್ದು, 1852ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ಹೋದ. ತನಗೆ ಸೇರಬೇಕಾದ ಹಣ ಕೊಡಿ ಎಂದು ಕಂಪನಿಯ ಮೇಲೆಯೇ ಅಲ್ಲಿನ ಚಾನ್ಸರಿ ಕೋರ್ಟಿನಲ್ಲಿ ದಾವೆ ಹೂಡಿದ. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಕುಡುಕನೆಂದು ನಾವು ನೆನೆಯುವ ಅರಸ ಕೊನೆಗೆ ಕಾಗದಪತ್ರ ಹಿಡಿದು ಲೆಕ್ಕ ಕೇಳಿದ್ದ.

ಇವತ್ತು ಅದೇ ಪರೀಕ್ಷೆ ಬರೆದರೆ ಅರಸನ ತಪ್ಪುಗಳನ್ನು ನಾನು ಅಳಿಸುವುದಿಲ್ಲ. ಆದರೆ 'ಕುಡಿದು ಕಳೆದ' ಎಂಬಲ್ಲಿಗೆ ಉತ್ತರ ಮುಗಿಸುವುದೂ ಇಲ್ಲ. ತೋಟ ಈಗ ಯಾರ ಹೆಸರಿಗಿದೆ ಎಂದು ಪಹಣಿಯನ್ನೂ ತೆಗೆದು ನೋಡುತ್ತೇನೆ.