ಏಳನೆಯದಾಗಿ ಹೊರಟ ನಾಯಿ

ಮಹಾಭಾರತದ 18 ಪರ್ವಗಳಲ್ಲಿ ತೀರಾ ಚಿಕ್ಕದು 17ನೆಯದಾದ ಮಹಾಪ್ರಸ್ಥಾನಿಕ ಪರ್ವ. ಇರುವುದು ಮೂರೇ ಅಧ್ಯಾಯ. ಒಲೆಯ ಮೇಲೆ ಬೇಳೆ ಬೇಯಲು ಇಟ್ಟು ಓದಲು ಕುಳಿತರೆ, ಅದು ಬೇಯುವಷ್ಟರಲ್ಲಿ ಪಾಂಡವರು ಬಿದ್ದು, ಧರ್ಮರಾಯ ಸ್ವರ್ಗ ಮುಟ್ಟಿರುತ್ತಾನೆ. ಈ ಪರ್ವದಲ್ಲಿ ನಮ್ಮೆಲ್ಲರಿಗೂ ನೆನಪಿರುವುದು ಒಂದೇ ದೃಶ್ಯ. ಇಂದ್ರನ ರಥ ಬಂದು ನಿಂತಿದೆ, ಧರ್ಮರಾಯ ಹತ್ತುವುದಿಲ್ಲ, ಪಕ್ಕದಲ್ಲಿ ಒಂದು ನಾಯಿ. ಹರಿಕಥೆಯವರೂ ಇದನ್ನೇ ಹೇಳಿದರು, ಅಜ್ಜಿಯರೂ ಇದನ್ನೇ ಹೇಳಿದರು, ನಾನೂ ಎಂಟನೆಯ ತರಗತಿಯ ಮಕ್ಕಳಿಗೆ ಎಷ್ಟೋ ವರ್ಷ ಇದನ್ನೇ ಹೇಳುತ್ತ ಬಂದೆ.

ಆದರೆ ಮೊದಲನೆಯ ಅಧ್ಯಾಯವನ್ನು ಯಾರೂ ಹೇಳುವುದಿಲ್ಲ. ಅದರಲ್ಲಿರುವುದು ಮನೆ ಖಾಲಿ ಮಾಡುವ ವಿವರ. ಈ ವರ್ಷ ನಾವೂ ಮನೆ ಖಾಲಿ ಮಾಡುತ್ತಿರುವುದರಿಂದಲೋ ಏನೋ, ಆ ಅಧ್ಯಾಯದ ಮೇಲೆ ನನ್ನ ಕಣ್ಣು ನಿಂತಿತು.

ಯಾದವರು ನಾಶವಾದ ಸುದ್ದಿ ಅರ್ಜುನನ ಬಾಯಲ್ಲಿ ಕೇಳಿದೊಡನೆ ಧರ್ಮರಾಯ ಹೊರಡುವ ನಿರ್ಧಾರ ಮಾಡುತ್ತಾನೆ. ಹೊರಟೆನೆಂದು ಎದ್ದು ಹೋಗಿಬಿಡುವ ಗಂಡಸಲ್ಲ ಆತ. ಪರೀಕ್ಷಿತನಿಗೆ ಪಟ್ಟ ಕಟ್ಟುತ್ತಾನೆ. ರಾಜ್ಯದ ಹೊಣೆಯನ್ನು ಯುಯುತ್ಸುವಿಗೆ ಒಪ್ಪಿಸುತ್ತಾನೆ. ಯುಯುತ್ಸು ಯಾರು? ಧೃತರಾಷ್ಟ್ರನ ಮಗ, ದಾಸಿಯ ಹೊಟ್ಟೆಯಲ್ಲಿ ಹುಟ್ಟಿದವನು, ಯುದ್ಧದಲ್ಲಿ ಪಾಂಡವರ ಕಡೆ ಬಂದವನು. ವಿದ್ಯೆ ಕಲಿಸಲು ಕೃಪಾಚಾರ್ಯನನ್ನು ಗೊತ್ತುಮಾಡುತ್ತಾನೆ. ಯಾದವರಲ್ಲಿ ಉಳಿದ ವಜ್ರನಿಗೆ ಇಂದ್ರಪ್ರಸ್ಥ. ತೀರಿಕೊಂಡವರಿಗೆ ತರ್ಪಣ, ಶ್ರಾದ್ಧ, ಊಟ, ದಾನ. ಕೊನೆಗೆ ಮನೆಯ ಅಗ್ನಿಯನ್ನು ನೀರಿಗೆ ಬಿಡುವುದು. ನಾವು ಗ್ಯಾಸ್ ಸಿಲಿಂಡರ್ ವಾಪಸು ಮಾಡಿ, ಒಲೆ ಒರೆಸಿಟ್ಟು ಬರುವ ಹಾಗೆ ಎಂದರೆ ಪಂಡಿತರು ಸಿಟ್ಟಾಗಬಹುದು. ಆದರೂ ಒಲೆ ಆರಿಸುವ ಗಳಿಗೆ ಯಾವ ಮನೆಯಲ್ಲಾದರೂ ಒಂದೇ.

ಈ ಪಟ್ಟಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಸುಭದ್ರೆ. ಧರ್ಮರಾಯ ಅವಳನ್ನು ಕರೆದು, ನಿನ್ನ ಮೊಮ್ಮಗ ಹಸ್ತಿನಾವತಿಯಲ್ಲಿ ಇರುತ್ತಾನೆ, ವಜ್ರ ಇಂದ್ರಪ್ರಸ್ಥದಲ್ಲಿ ಇರುತ್ತಾನೆ, ಇಬ್ಬರನ್ನೂ ನೀನು ನೋಡಿಕೋ ಎನ್ನುತ್ತಾನೆ. ಮಗ ಅಭಿಮನ್ಯು ಹೋಗಿ ಎಷ್ಟೋ ವರ್ಷವಾಗಿದೆ. ಅಣ್ಣಂದಿರು ಬಲರಾಮ, ಕೃಷ್ಣ ಇಬ್ಬರೂ ಈಗಷ್ಟೇ ಹೋಗಿದ್ದಾರೆ. ಗಂಡ ಈಗ ನಾರುಮಡಿ ಉಟ್ಟು ಎದುರಿಗೇ ನಿಂತಿದ್ದಾನೆ. ನೀನೂ ಬರುತ್ತೀಯಾ ಎಂದು ಅವಳನ್ನು ಯಾರೂ ಕೇಳುವುದಿಲ್ಲ. ಅವಳ ಉತ್ತರವನ್ನು ಕವಿ ಬರೆದೇ ಇಲ್ಲ. ಉಲೂಪಿ ಗಂಗೆಗೆ ಇಳಿದಳು, ಚಿತ್ರಾಂಗದೆ ಮಣಿಪುರಕ್ಕೆ ಹೋದಳು ಎಂದು ಒಂದೊಂದು ಮಾತಿನಲ್ಲಿ ಮುಗಿಯುತ್ತದೆ. ಹೊರಡುವವರ ಕಥೆ ಪರ್ವವಾಗುತ್ತದೆ. ಉಳಿಯುವವರಿಗೆ ಕೆಲಸ ಉಳಿಯುತ್ತದೆ.

ಬೀಳ್ಕೊಡುಗೆಯನ್ನು ಮಾತ್ರ ಕವಿ ಬಹಳ ಚೆನ್ನಾಗಿ ಕಂಡಿದ್ದಾನೆ. ಊರ ಜನ ಮತ್ತು ಅಂತಃಪುರದ ಹೆಂಗಸರು ದೂರದವರೆಗೂ ಹಿಂದೆ ಬರುತ್ತಾರೆ. ಹಿಂದಿರುಗಿ ಎಂದು ಹೇಳಲು ಒಬ್ಬರಿಗೂ ಬಾಯಿ ಬರುವುದಿಲ್ಲ. ಜೂಜಿನಲ್ಲಿ ಸೋತು ಇದೇ ವೇಷದಲ್ಲಿ ಹೊರಟಿದ್ದರಲ್ಲ, ಅದು ನೆನಪಾಗಿ ಹೆಂಗಸರು ಅಳುತ್ತಾರೆ. ಅಣ್ಣತಮ್ಮಂದಿರಿಗೋ ಒಳಗೊಳಗೇ ಸಂತೋಷ. ಎಷ್ಟು ನಿಜವಾದ ಮಾತು! ಹೊರಡುವವರ ಮನಸ್ಸು ಆಗಲೇ ಅರ್ಧ ದಾರಿ ಹೋಗಿರುತ್ತದೆ. ಹಾಗೆಂದು ಎಲ್ಲವನ್ನೂ ಬಿಟ್ಟರೇ? ಇಲ್ಲ. ಅರ್ಜುನ ಗಾಂಡೀವವನ್ನೂ ಎರಡು ಬತ್ತಳಿಕೆಗಳನ್ನೂ ಹೆಗಲಿಗೆ ಹಾಕಿಕೊಂಡೇ ಹೊರಟಿದ್ದಾನೆ. ಆಸೆಯಿಂದ ಬಿಡಲಾರದೆ ಎಂದು ಕವಿಯೇ ಹೇಳುತ್ತಾನೆ. ಪೂರ್ವದ ನೀರಿನ ಹತ್ತಿರ ಅಗ್ನಿಯೇ ಅಡ್ಡ ನಿಂತು, ಅದು ವರುಣನದು, ಹಿಂದಕ್ಕೆ ಕೊಡು ಎಂದ ಮೇಲೆ ಅದು ನೀರು ಸೇರಿತು. ಅಮ್ಮನ ಕಾಲದ ಒರಳುಕಲ್ಲನ್ನು ಜೈಪುರಕ್ಕೆ ಸಾಗಿಸುವುದು ಸಾಧ್ಯವೇ ಎಂದು ಲಾರಿಯವನನ್ನು ವಿಚಾರಿಸಿದ ನನಗೆ ಅರ್ಜುನನ ಮೇಲೆ ಬಹಳ ಕಾಲದ ಮೇಲೆ ಪ್ರೀತಿ ಬಂತು.

ಹೌದು, ನಾವು ಸಾಗರ ಬಿಟ್ಟು ಜೈಪುರದಲ್ಲಿರುವ ಮಗಳ ಹತ್ತಿರ ಹೋಗುತ್ತಿದ್ದೇವೆ. ನಾನು ಸ್ವಯಂನಿವೃತ್ತಿಗೆ ಬರೆದುಕೊಟ್ಟಿದ್ದೇನೆ. ದಿನಕ್ಕೆ ಒಂದು ಮನೆಯಂತೆ ಅರಿಶಿನ ಕುಂಕುಮ, ಕಾಯಿ, ಕಣ ತೆಗೆದುಕೊಂಡು ಬರುತ್ತಿದ್ದೇನೆ. ಎಲ್ಲ ಮನೆಯಲ್ಲೂ ಕಾಫಿಯ ಜೊತೆಗೆ ಒಂದು ಪ್ರಶ್ನೆ ಬರುತ್ತದೆ: "ಟೀಚರೇ, ಕೆಂಚನನ್ನು ಏನು ಮಾಡುತ್ತೀರಿ?" ಕೆಂಚ ನಮ್ಮ ಮನೆಯ ನಾಯಿ. ಜಾತಿಯ ನಾಯಿಯಲ್ಲ, ಬೀದಿಯಿಂದ ಬಂದು ಜಗಲಿ ಹಿಡಿದವನು. ವಯಸ್ಸು ಒಂಬತ್ತು. ಕರೆದುಕೊಂಡು ಹೋಗುತ್ತೇವೆ ಎಂದರೆ ನಗುತ್ತಾರೆ. "ಅಯ್ಯೋ, ನಾಯಿಗೇನು ತಾಯಿ, ಯಾರ ಮನೆಯಲ್ಲಾದರೂ ತಂಗಳನ್ನ ತಿಂದು ಬಿದ್ದಿರುತ್ತೆ" ಎಂದರು ಒಬ್ಬರು. ನಮ್ಮ ಅತ್ತಿಗೆ ಇನ್ನೂ ಮುಂದೆ ಹೋಗಿ, "ತೋಟದ ಮನೆಗೆ ಬಿಟ್ಟು ಹಿಂದೆ ನೋಡದೆ ಬಾ, ಎರಡು ದಿನಕ್ಕೆ ಮರೆಯುತ್ತೆ" ಎಂದರು. ಹಿಂದೆ ನೋಡದೆ ಎಂಬ ಮಾತು ಎಲ್ಲೋ ಓದಿದ ಹಾಗಿದೆಯಲ್ಲ ಎನ್ನಿಸಿತು. ಅದಕ್ಕೆ ಆಮೇಲೆ ಬರುತ್ತೇನೆ.

ರೈಲಿನವರ ನಿಯಮವನ್ನೂ ಹೇಳಿಬಿಡುತ್ತೇನೆ, ಬೇಕಾದವರಿಗೆ ಅನುಕೂಲವಾದೀತು. ಸ್ಲೀಪರ್, ಎರಡನೆಯ ಮತ್ತು ಮೂರನೆಯ ದರ್ಜೆಯ ಎ.ಸಿ. ಬೋಗಿಗಳಲ್ಲಿ ನಾಯಿಗೆ ಪ್ರವೇಶವಿಲ್ಲ. ಮೊದಲನೆಯ ದರ್ಜೆಯಲ್ಲಿ ಎರಡು ಅಥವಾ ನಾಲ್ಕು ಮಲಗುವ ಜಾಗದ ಇಡೀ ಕೋಣೆಯನ್ನೇ ನಾವು ಹಿಡಿಯಬೇಕು. ಅದಕ್ಕೆ ಅರ್ಜಿ ಕೊಡಬೇಕು. ಸಿಕ್ಕಿತೋ ಇಲ್ಲವೋ ಎಂಬುದು ಚಾರ್ಟ್ ಆದ ಮೇಲೆ ತಿಳಿಯುತ್ತದೆ. ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಕಾರ್ಡು, ಪಶುವೈದ್ಯರ ಸರ್ಟಿಫಿಕೇಟು, ಪಾರ್ಸೆಲ್ ಕಚೇರಿಯ ಚೀಟಿ ಎಲ್ಲವೂ ಬೇಕು. ಕೋಣೆ ಸಿಗದಿದ್ದರೆ ಗಾರ್ಡ್ ಡಬ್ಬಿಯಲ್ಲಿರುವ ನಾಯಿಪೆಟ್ಟಿಗೆಯೇ ಗತಿ. ಎರಡು ರಾತ್ರಿಯ ಪ್ರಯಾಣಕ್ಕೆ ಒಂಬತ್ತು ವರ್ಷದ ಮುದಿನಾಯಿಯನ್ನು ಕತ್ತಲೆಯ ಪೆಟ್ಟಿಗೆಯಲ್ಲಿ ಹಾಕುವುದಕ್ಕೆ ನನ್ನ ಮನಸ್ಸು ಒಪ್ಪಿಲ್ಲ. ಒಂದು ಚೀಟಿಯ ಮೇಲೆ ಇಬ್ಬರ ಎರಡು ತಿಂಗಳ ನಿದ್ದೆ ನಿಂತಿದೆ.

ಈಗ ಆ ದಾರಿಗೆ ಬರೋಣ. ಐವರು ಅಣ್ಣತಮ್ಮಂದಿರು, ಆರನೆಯವಳು ದ್ರೌಪದಿ, ಏಳನೆಯದು ನಾಯಿ. ಯಾರ ನಾಯಿ, ಎಲ್ಲಿಂದ ಬಂತು, ಯಾರು ಕರೆದರು ಎಂಬುದಿಲ್ಲ. ರಾಜ್ಯವನ್ನು ಹಂಚುವ ಪಟ್ಟಿಯಲ್ಲಿ ಅದರ ಹೆಸರಿಲ್ಲ, ಅದಕ್ಕೆ ಯಾರೂ ವಿದಾಯ ಹೇಳಲಿಲ್ಲ, ಅದೂ ಯಾರಿಗೂ ಹೇಳಲಿಲ್ಲ. ಇವರು ಪೂರ್ವಕ್ಕೆ ಹೋಗಿ, ದಕ್ಷಿಣಕ್ಕೆ ತಿರುಗಿ, ಪಶ್ಚಿಮದಲ್ಲಿ ಮುಳುಗಿದ ದ್ವಾರಕೆಯನ್ನು ಕಂಡು, ಉತ್ತರಕ್ಕೆ ಹಿಮವಂತನ ಕಡೆ ನಡೆದರು. ಭೂಮಿಗೆ ಒಂದು ಸುತ್ತು. ಇವರಿಗೆ ಉಪವಾಸದ ವ್ರತ. ನಾಯಿಗೂ ಏನಾದರೂ ಸಿಕ್ಕಿತೇ? ಕವಿ ಹೇಳುವುದಿಲ್ಲ. ಗಂಡಸರು ಬರೆದ ಕಾವ್ಯಗಳಲ್ಲಿ ಊಟದ ವಿಚಾರ ಹೀಗೆಯೇ.

ಆದರೆ ಯಾರ ಹಿಂದೆ ಯಾರು ನಡೆದರೆಂಬುದನ್ನು ಕವಿ ಸ್ಪಷ್ಟವಾಗಿ ಹೇಳುತ್ತಾನೆ. ಮುಂದೆ ಧರ್ಮರಾಯ, ಆಮೇಲೆ ಭೀಮ, ಅರ್ಜುನ, ನಕುಲ, ಸಹದೇವ, ಅವರ ಹಿಂದೆ ದ್ರೌಪದಿ. ಎಲ್ಲರಿಗಿಂತ ಹಿಂದೆ ನಾಯಿ. ಇಷ್ಟು ವರ್ಷ ಓದಿಯೂ ನಾನು ಈ ಸಾಲಿನ ಮೇಲೆ ನಿಂತಿರಲಿಲ್ಲ. ಮೊದಲು ಬಿದ್ದವಳು ದ್ರೌಪದಿ. ಬಿದ್ದದ್ದನ್ನು ಕಂಡು ಭೀಮ ಕೇಳುತ್ತಾನೆ, ಯಾವ ಅಧರ್ಮವನ್ನೂ ಮಾಡದ ಇವಳು ಏಕೆ ಬಿದ್ದಳು ಎಂದು. ಅವಳಿಗೆ ಅರ್ಜುನನ ಮೇಲೆ ಪಕ್ಷಪಾತವಿತ್ತು ಎನ್ನುತ್ತಾನೆ ಧರ್ಮರಾಯ. ಎಂದು ಅವಳತ್ತ ನೋಡದೆಯೇ ಮುಂದೆ ನಡೆಯುತ್ತಾನೆ. ನಮ್ಮ ಅತ್ತಿಗೆ ಹೇಳಿದ್ದು ಇದೇ ಮಾತು! ಪಗಡೆಯಲ್ಲಿ ತನ್ನನ್ನು ಪಣಕ್ಕೆ ಒಡ್ಡಿದ ಗಂಡನ ಹಿಂದೆ ಕಾಡಿಗೆ ಹೋದವಳು, ಐದು ಮಕ್ಕಳನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡವಳು. ಅವಳ ಲೆಕ್ಕದಲ್ಲಿ ಕೊನೆಗೆ ಉಳಿದದ್ದು ಒಬ್ಬ ಗಂಡನ ಮೇಲಿನ ಸ್ವಲ್ಪ ಹೆಚ್ಚಿನ ಪ್ರೀತಿ ಎಂಬ ಬಾಕಿ. ಉಳಿದ ನಾಲ್ವರಿಗೂ ಒಂದೊಂದು ತಪ್ಪು ಇದೆ: ಬುದ್ಧಿಯ ಗರ್ವ, ರೂಪದ ಗರ್ವ, ಬಿಲ್ಲಿನ ಗರ್ವ, ಭೀಮನಿಗೆ ತೋಳಬಲದ ಗರ್ವದ ಜೊತೆಗೆ ಊಟ. ಅವೆಲ್ಲ ಸೊಕ್ಕಿನ ತಪ್ಪುಗಳು. ಪ್ರೀತಿಯ ತಪ್ಪು ಹೆಂಗಸಿಗೆ ಮಾತ್ರ.

ಅವಳು ಬಿದ್ದಾಗ ಅವಳ ಹಿಂದೆ ಇದ್ದದ್ದು ನಾಯಿ ಒಂದೇ. ಮುಂದಿನವರು ಅವಳನ್ನು ದಾಟುವ ಪ್ರಶ್ನೆಯೇ ಇಲ್ಲ, ಅವರು ಆಗಲೇ ಮುಂದಿದ್ದಾರೆ. ದಾಟಬೇಕಾದದ್ದು ನಾಯಿ. ಅದು ಮೂಸಿ ನೋಡಿತೇ, ಸ್ವಲ್ಪ ಹೊತ್ತು ಕೂತಿತೇ, ಕುಂಯ್ ಎಂದಿತೇ? ನಾಯಿ ಸಾಕಿದ ಯಾರಿಗೇ ಆದರೂ ಗೊತ್ತು, ಬಿದ್ದವರನ್ನು ಅದು ಮೂಸದೆ ಮುಂದೆ ಹೋಗುವುದಿಲ್ಲ. ಕವಿ ಆ ಜಾಗವನ್ನು ಖಾಲಿ ಬಿಟ್ಟಿದ್ದಾನೆ. ಮುಂದೆ ಆ ನಾಯಿಯೇ ಯಮಧರ್ಮನೆಂದು ತಿಳಿದಾಗ ಈ ಖಾಲಿ ಜಾಗ ನನ್ನನ್ನು ಕಾಡುತ್ತದೆ. ಹಾಗಾದರೆ ಬಿದ್ದ ದ್ರೌಪದಿಯನ್ನು ದಾಟಿ ಹೋದದ್ದು ಸಾಕ್ಷಾತ್ ಧರ್ಮ ತಾನೆ?

ಇಂದ್ರನ ವಾದ ನಮ್ಮ ಬೀದಿಯವರ ವಾದಕ್ಕಿಂತ ಬೇರೆಯಲ್ಲ. ನಾಯಿ ಇರುವವರಿಗೆ ಸ್ವರ್ಗದಲ್ಲಿ ಜಾಗವಿಲ್ಲ, ನಾಯಿಯ ದೃಷ್ಟಿ ಬಿದ್ದರೆ ಯಜ್ಞದಾನಗಳ ಪುಣ್ಯವೆಲ್ಲ ಹೋಗುತ್ತದೆ ಎನ್ನುತ್ತಾನೆ. ಆಮೇಲೆ ಸರಿಯಾದ ಜಾಗಕ್ಕೆ ಚುಚ್ಚುತ್ತಾನೆ: ತಮ್ಮಂದಿರನ್ನೂ ದ್ರೌಪದಿಯನ್ನೂ ಬಿಟ್ಟು ಬಂದವನು, ಈ ನಾಯಿಯನ್ನು ಬಿಡಲಾರೆಯಾ? ಧರ್ಮರಾಯನ ಉತ್ತರ ಹೀಗಿದೆ. ಸತ್ತವರನ್ನು ಬದುಕಿಸಲು ನನ್ನಿಂದ ಆಗಲಿಲ್ಲ, ಆದ್ದರಿಂದ ಬಿಟ್ಟೆ. ಬದುಕಿದ್ದಾಗ ಬಿಡಲಿಲ್ಲ. ನಂಬಿ ಬಂದ ಜೀವವನ್ನು ಬಿಡುವುದು ಬ್ರಹ್ಮಹತ್ಯೆಗೆ ಸಮ. ಈ ಉತ್ತರದ ಎರಡನೆಯ ಭಾಗಕ್ಕೆ ನಾನು ಕೈಮುಗಿಯುತ್ತೇನೆ. ಮೊದಲನೆಯ ಭಾಗಕ್ಕೆ ನನ್ನ ತಕರಾರಿದೆ. ಬಿದ್ದವಳು ಸತ್ತಳೋ ಇಲ್ಲವೋ ಎಂದು ತಿಳಿಯಬೇಕಾದರೆ ಒಮ್ಮೆಯಾದರೂ ತಿರುಗಿ ನೋಡಬೇಕಲ್ಲ! ಆತನ ಪರವಾಗಿಯೂ ಒಂದು ಮಾತು ಹೇಳಬೇಕು. ಸ್ವರ್ಗಕ್ಕೆ ಹೋದ ಮೇಲೆ ಆತ, ನನ್ನ ತಮ್ಮಂದಿರು ಎಲ್ಲಿದ್ದಾರೋ ಆ ದ್ರೌಪದಿ ಎಲ್ಲಿದ್ದಾಳೋ ಅಲ್ಲಿಗೇ ಹೋಗುತ್ತೇನೆ ಎಂದು ಹಟ ಹಿಡಿಯುತ್ತಾನೆ. ದಾರಿಯಲ್ಲಿ ಆಡದ ಮೆಚ್ಚುಗೆಯ ಮಾತನ್ನು ಅವಳ ಬಗ್ಗೆ ಅಲ್ಲಿ ಆಡುತ್ತಾನೆ. ಇಂಥ ಗಂಡಸರನ್ನು ನಾವೂ ನೋಡಿದ್ದೇವೆ.

ಈ ಕಥೆಯನ್ನು ಕೇಳುತ್ತ ಕುಳಿತಿರುವವನು ಜನಮೇಜಯ ಎಂಬುದನ್ನು ಮರೆಯಬಾರದು. ಆದಿಪರ್ವದ ಆರಂಭದಲ್ಲಿ ಅವನ ಯಾಗಶಾಲೆಗೆ ಒಂದು ನಾಯಿಮರಿ ಬಂದಾಗ ಅವನ ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ಮರಿ ಅಳುತ್ತ ತಾಯಿ ಸರಮೆಯ ಹತ್ತಿರ ಹೋಗುತ್ತದೆ. ಹವಿಸ್ಸನ್ನು ನೆಕ್ಕಲಿಲ್ಲ, ನೋಡಲೂ ಇಲ್ಲ ಎನ್ನುತ್ತದೆ. ಸರಮೆ ನೇರ ಯಾಗಶಾಲೆಗೇ ಬಂದು, ತಪ್ಪು ಮಾಡದ ನನ್ನ ಮಗನನ್ನು ಹೊಡೆದಿರಲ್ಲ, ಎಣಿಸದ ಭಯ ನಿಮಗೆ ಬರಲಿ ಎಂದು ಶಪಿಸುತ್ತಾಳೆ. ಅಂಥ ಮನೆಯ ದೊರೆಗೆ ವೈಶಂಪಾಯನರು, ನಾನು ನಿನಗೆ ಮತ್ತೆ ಮತ್ತೆ ಹೇಳುತ್ತಿದ್ದೆನಲ್ಲ, ಆ ನಾಯಿ ಒಂದೇ ಹಿಂದೆ ನಡೆಯಿತು ಎಂದು ಹೇಳುತ್ತಾರೆ. ಮೇಷ್ಟರೊಬ್ಬರು ಯಾರ ಹೆಸರನ್ನೂ ಎತ್ತದೆ ತರಗತಿಯ ಒಬ್ಬ ಹುಡುಗನ ಕಡೆ ನೋಡಿಕೊಂಡು ಪಾಠ ಮಾಡಿದ ಹಾಗಿದೆ ಇದು.

ಇಷ್ಟು ಕಟ್ಟಿದ ಕವಿ ಕೊನೆಗೆ ನಾಯಿಯನ್ನು ದೇವರು ಮಾಡಿದ್ದು ನನಗೆ ಒಪ್ಪಿಗೆಯಿಲ್ಲ. ಯಮಧರ್ಮ ನಿಜರೂಪ ತೋರಿಸಿ, ದ್ವೈತವನದಲ್ಲಿ ಯಕ್ಷನಾಗಿ ಪರೀಕ್ಷಿಸಿದ ಹಾಗೆ ಈಗಲೂ ಪರೀಕ್ಷಿಸಿದೆ ಎನ್ನುತ್ತಾನೆ. ಪರೀಕ್ಷೆ ಎಂದೊಡನೆ ಎಲ್ಲರಿಗೂ ಸಮಾಧಾನ. ಆದರೆ ಪಾಠ ಮುಗಿದ ಮೇಲೆ ಯಾವುದಾದರೂ ಒಂದು ಮಗು ಎದ್ದು, "ಟೀಚರ್, ಆ ನಾಯಿ ಎಲ್ಲಿ ಹೋಯ್ತು?" ಎಂದು ಕೇಳದ ವರ್ಷವಿಲ್ಲ. ಅದೇ ದೇವರು ಎಂದರೆ ಮಗುವಿಗೆ ಸಾಲದು. ಅಷ್ಟು ದೂರ ನಡೆದ ನಾಯಿ, ಬಾಲ, ಹಸಿವು, ನೊಂದ ಕಾಲು, ಅದೆಲ್ಲ ಎಲ್ಲಿ? ಧರ್ಮರಾಯನ ದೊಡ್ಡತನಕ್ಕೆ ಅದು ಬರೀ ನಾಯಿಯಾಗಿದ್ದರೆ ಸಾಕಿತ್ತು, ಇನ್ನೂ ಚೆನ್ನಾಗಿತ್ತು.

ನಮ್ಮ ಕನ್ನಡದ ದೊಡ್ಡ ಕವಿಗಳು ಈ ನಾಯಿಯ ತಂಟೆಗೇ ಹೋಗಲಿಲ್ಲ. 10ನೆಯ ಶತಮಾನದ ಪಂಪನಿಗೆ ಅರ್ಜುನನೇ ಅರಿಕೇಸರಿ. ಸುಭದ್ರೆಯ ಜೊತೆ ಅವನಿಗೆ ಪಟ್ಟ ಕಟ್ಟಿ ಕಾವ್ಯ ಮುಗಿಸಿದ. ತನ್ನ ದೊರೆ ದಾರಿಯಲ್ಲಿ ಬಿದ್ದ ಎಂದು ಹೇಗೆ ಬರೆದಾನು? ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಗಮಕದ ಮನೆಗಳಲ್ಲಿ ಗದುಗಿನ ಭಾರತ ಕೇಳಿ ಬೆಳೆದ ನಮ್ಮ ಹಿಂದಿನವರಿಗೆ ಪಾಂಡವರ ಈ ಕೊನೆಯ ನಡಿಗೆ ಅಷ್ಟಾಗಿ ಕಿವಿಗೆ ಬಿದ್ದಿರಲಾರದು.

ಆ ಕೆಲಸವನ್ನು ಒಂದು ಸಿನಿಮಾ ಮಾಡಿತು. 2022ರ ಜೂನ್‌ನಲ್ಲಿ ಬಂದ ಕಿರಣ್‌ರಾಜ್ ಅವರ '777 ಚಾರ್ಲಿ'ಯನ್ನು ನಮ್ಮಲ್ಲಿ ಬಹಳ ಮಂದಿ ಮಕ್ಕಳ ಜೊತೆ ನೋಡಿ ಅತ್ತು ಬಂದಿದ್ದೀರಿ. ಆ ವರ್ಷದ ಹಾಡುಗಳನ್ನೂ ನಟನೆಯನ್ನೂ ಹೊಗಳಿದವರು ಬಹಳ. ನಾಯಕನ ಹೆಸರಿನ ಬಗ್ಗೆ ನಾನು ಕೇಳಿದ್ದು ಕಡಿಮೆ. ರಕ್ಷಿತ್ ಶೆಟ್ಟಿಯವರ ಪಾತ್ರದ ಹೆಸರು ಧರ್ಮ. ಮೈಸೂರಿನಲ್ಲಿ ಕಾರ್ಖಾನೆ, ಮನೆ ಎಂದು ಒಂಟಿಯಾಗಿರುವ, ಅಕ್ಕಪಕ್ಕದವರಿಗೆ ಬೇಡವಾದ ಮನುಷ್ಯ. ತಾನಾಗಿ ಬಂದ ನಾಯಿ. ಅದಕ್ಕೆ ಕ್ಯಾನ್ಸರ್ ಎಂದು ತಿಳಿದ ಮೇಲೆ ಹಿಮ ತೋರಿಸಲು ಬೈಕಿನ ಪಕ್ಕದ ಗಾಡಿಯಲ್ಲಿ ಕೂರಿಸಿಕೊಂಡು ಹಿಮಾಲಯದ ಕಡೆ ಹೊರಡುತ್ತಾನೆ. ಸಿನಿಮಾ ಉದ್ದವಾಯಿತು, ನಾಯಿಗಳ ಸ್ಪರ್ಧೆ ನನಗೆ ಬೇಡವಾಗಿತ್ತು, ಅಳುವ ಕಡೆಯೆಲ್ಲ ಸಂಗೀತ ನಮ್ಮ ಬೆನ್ನು ತಟ್ಟಿ ಅಳಿ ಅಳಿ ಎನ್ನುತ್ತದೆ. ಆದರೂ ಈ ಒಂದು ಅದಲುಬದಲಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಧರ್ಮ ಎಂಬ ಹೆಸರು ಇಲ್ಲಿ ಮನುಷ್ಯನಿಗೆ ಬಂತು, ನಾಯಿ ನಾಯಿಯಾಗಿಯೇ ಉಳಿಯಿತು. ಅದು ಚಪ್ಪಲಿ ಕಚ್ಚುತ್ತದೆ, ಗಲೀಜು ಮಾಡುತ್ತದೆ, ಸುಸ್ತಾಗುತ್ತದೆ, ಹಿಮದ ನಡುವೆ ಸಾಯುತ್ತದೆ, ಒಂದು ಮರಿಯನ್ನು ಬಿಟ್ಟು ಹೋಗುತ್ತದೆ. ಯಾವ ರಥವೂ ಬರುವುದಿಲ್ಲ.

ನನ್ನ ಶಾಲೆಯ ಏಳನೆಯ ತರಗತಿಯ ಹುಡುಗಿಯೊಬ್ಬಳು ಆ ಸಿನಿಮಾ ನೋಡಿ ಬಂದ ಮೇಲೆ, ಆ ನಾಯಿ ಎಲ್ಲಿ ಹೋಯ್ತು ಎಂದು ಕೇಳಲಿಲ್ಲ. ಅಲ್ಲಿ ಹಿಮದಲ್ಲಿ ಹೂಳಿದರಾ ಟೀಚರ್, ಆ ಮರಿಗೆ ಹಾಲು ಯಾರು ಕೊಟ್ಟರು ಎಂದು ಕೇಳಿದಳು.