ಜಾಲಪುಟದ ಅಚ್ಚುಮೊಳೆ

ಅಚ್ಚುಮೊಳೆಯ ಅಂದಚೆಂದಗಳನ್ನು ವಿಚಾರಿಸುವುದು ಮುದ್ರಣಾಲಯದವರ ಕೆಲಸವೇ ಹೊರತು ಸಾಹಿತ್ಯಪತ್ರಿಕೆಗೆ ಸಲ್ಲತಕ್ಕ ವಿಷಯವಲ್ಲವೆಂದು ಕೆಲವರು ಭಾವಿಸುವುದುಂಟು. ಆದರೆ ಅಕ್ಷರದ ಅಡಿಯ ಒಂದು ಸಣ್ಣ ಸೀಳು ಮುಚ್ಚಿಹೋದಮಾತ್ರಕ್ಕೆ ‘ಧನ’ವು ‘ದನ’ವಾಗುವ ಲಿಪಿಯಲ್ಲಿ ಮೊಳೆಯ ವಿಚಾರವು ಅರ್ಥದ ವಿಚಾರವೇ ಆಗಿದೆ. ಕನ್ನಡದ ಓದು ದಿನೇ ದಿನೇ ಕಾಗದವನ್ನು ಬಿಟ್ಟು ಅಂಗೈಯಗಲದ ಗಾಜಿನ ಮೇಲೆ ನಡೆಯುತ್ತಿರುವಾಗ ಈ ಮಾತನ್ನು ಅಲಕ್ಷಿಸುವುದು ಯುಕ್ತವಲ್ಲ.

ಮುದ್ರಿತ ಗ್ರಂಥದಲ್ಲಿ ಮುದ್ರಕನು ಆರಿಸಿದ ಮೊಳೆಯನ್ನೇ ವಾಚಕನು ಕಾಣುತ್ತಾನೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಅಚ್ಚುಹಾಕಿದ ಕಿಟ್ಟೆಲರ ನಿಘಂಟನ್ನು ಯಾವ ಊರಿನಲ್ಲಿ ತೆರೆದರೂ ಅಕ್ಷರವು ಅದೇ. ಜಾಲಪುಟಕ್ಕೆ ಈ ಭಾಗ್ಯವು ಮೊದಲಿರಲಿಲ್ಲ. ಓದುವವನ ಯಂತ್ರದಲ್ಲಿ ಯಾವ ಫಾಂಟಿದ್ದಿತೋ ಅದೇ ಗತಿ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಅನೇಕ ತಾಣಗಳು ತಮ್ಮವೇ ಫಾಂಟುಗಳನ್ನು ಮಾಡಿಕೊಂಡಿದ್ದುವು. ಆ ಫಾಂಟಿಲ್ಲದವನಿಗೆ ಕಾಣುತ್ತಿದ್ದುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. 1991ರ ಯೂನಿಕೋಡು ಕನ್ನಡಕ್ಕೆ ಅದರದೇ ಸ್ಥಾನವನ್ನು ಕಲ್ಪಿಸಿತು. ಪುಟದೊಡನೆಯೇ ಮೊಳೆಯನ್ನೂ ಕಳುಹಿಸಿಕೊಡುವುದಕ್ಕೆಂದು ಏರ್ಪಟ್ಟ ‘ವೋಫ್’ ಎಂಬ ಕಡತರೂಪಕ್ಕೆ 2012ರಲ್ಲಿ ಜಾಲದ ಮಾನಕವೆಂಬ ಮನ್ನಣೆ ದೊರೆಯಿತು. ಇನ್ನು ಯಂತ್ರವನ್ನು ದೂರುವಂತಿಲ್ಲ. ಆಯ್ಕೆಯ ಹೊಣೆಯೆಲ್ಲ ಪುಟವನ್ನು ವಿನ್ಯಾಸಗೊಳಿಸುವವನದು.

ಆ ಆಯ್ಕೆಯಾದರೂ ಹೇಗೆ ನಡೆಯುತ್ತಿದೆ? ಧರ್ಮಾರ್ಥವಾಗಿ ದೊರೆಯುವ ಫಾಂಟುಗಳಿಗೆ ಈಗ ಬರವಿಲ್ಲ. ಎಕ್ ಟೈಪ್ ಸಂಸ್ಥೆಯ ‘ಬಲೂ ತಮ್ಮ’ವು ದುಂಡಗೆ ದಪ್ಪಗೆ ಹಸನ್ಮುಖವಾಗಿರುವ ಮೊಳೆ, ತಲೆಬರಹಕ್ಕೆ ಅದು ಸೊಗಸು, ನಾಲ್ಕು ಪುಟದ ಪ್ರಬಂಧಕ್ಕೆ ಹೊರೆ. ಮದುವೆಯ ಕರೆಯೋಲೆಯ ಅಕ್ಷರದಲ್ಲಿ ಕಾದಂಬರಿಯನ್ನು ಅಚ್ಚುಹಾಕುವ ಮುದ್ರಕನು ಎಲ್ಲಿಯೂ ಇಲ್ಲ. ಜಾಲದಲ್ಲಿ ಮಾತ್ರ ಅಂಥವರು ಹೇರಳ. ‘ನೋಟೊ ಸೆರಿಫ್ ಕನ್ನಡ’ದಲ್ಲಿ ತೆಳುವಿನಿಂದ ದಪ್ಪದವರೆಗೆ ಒಂಬತ್ತು ತೂಕಗಳುಂಟು; ಆದುದರಿಂದ ಅದು ಎಲ್ಲ ಕೆಲಸಕ್ಕೂ ಒದಗುವ ಸೇವಕನಂತಿದೆ. ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಗ್ರಂಥಗಳಿಗಾಗಿ ರೂಪುಗೊಂಡ ಮೊಳೆಗಳ ಮನೆತನಕ್ಕೆ ಸೇರಿದ ‘ತಿರೊ ಕನ್ನಡ’ವಾದರೋ ಪುಸ್ತಕದ ಓದಿಗೆ ಹೇಳಿಮಾಡಿಸಿದಂತಿದೆ.

ವಿಪರ್ಯಾಸವೆಂದರೆ ಅಪಾಯವಿರುವುದು ಈ ಮೇಲಾದ ಮೊಳೆಯಲ್ಲಿಯೇ. ಅದಕ್ಕೆ ದಪ್ಪಕ್ಷರವಿಲ್ಲ. ವಿನ್ಯಾಸಕನು ಉಪಶೀರ್ಷಿಕೆಯನ್ನು ದಪ್ಪಗೆ ಮಾಡೆಂದು ಆಜ್ಞಾಪಿಸಿದರೆ ಬ್ರೌಸರು ಇಲ್ಲವೆನ್ನುವುದಿಲ್ಲ. ಇದ್ದ ಅಕ್ಷರಕ್ಕೇ ಸುತ್ತಲೂ ಮಸಿ ಬಳಿದಂತೆ ಊದಿಸಿ ತೋರಿಸುತ್ತದೆ. ಇಂಗ್ಲಿಷಿನಲ್ಲಿ ಇದು ಕಣ್ಣಿಗೆ ಒರಟಾದೀತು, ಅಷ್ಟೆ. ಕನ್ನಡದಲ್ಲಿ ಮಹಾಪ್ರಾಣದ ಸೀಳು ಮುಚ್ಚಿಕೊಳ್ಳುತ್ತದೆ. ‘ಭಾಗಿ’ಯಾದವನು ‘ಬಾಗಿ’ ನಿಲ್ಲುತ್ತಾನೆ. ಕರಡು ತಿದ್ದುವವನಿಗೆ ಈ ದೋಷವು ಸಿಕ್ಕುವುದಿಲ್ಲ, ಏಕೆಂದರೆ ಬರೆದಿರುವುದು ಸರಿಯಾಗಿಯೇ ಇದೆ. ತಪ್ಪು ಇರುವುದು ತೋರಿಕೆಯಲ್ಲಿ. ಹೀಗೆ ಕೃತಕವಾಗಿ ಊದಿಸಕೂಡದೆಂದು ಬ್ರೌಸರಿಗೆ ಒಂದೇ ಸಾಲಿನಲ್ಲಿ ಕಟ್ಟಪ್ಪಣೆ ಮಾಡುವ ಅನುಕೂಲವುಂಟು. ಅದನ್ನು ಬಳಸುವವರು ಮಾತ್ರ ವಿರಳ.

ಪಂಕ್ತಿಗಳ ನಡುವಣ ಅವಕಾಶದ್ದೂ ಇದೇ ಕಥೆ. ಇಂಗ್ಲಿಷಿಗೆ ಸಾಲುವ ಅಂತರವನ್ನೇ ಕನ್ನಡಕ್ಕೂ ಅಳೆದುಕೊಡುವ ಪುಟಗಳಲ್ಲಿ ‘ಶಾಸ್ತ್ರ’ದ ಎರಡು ಒತ್ತುಗಳು ಕೆಳಗಿನ ಸಾಲಿನ ‘ಕೀರ್ತಿ’ಯ ಗುಡಿಸಿಗೆ ಡಿಕ್ಕಿಹೊಡೆಯುತ್ತವೆ. ಅಕ್ಷರದ ಅಳತೆಯ ಒಂದೂಮುಕ್ಕಾಲರಷ್ಟು ಅವಕಾಶವಿತ್ತರೆ ಒತ್ತುಗಳು ಉಸಿರಾಡಿಯಾವು. ಇನ್ನು ಕನ್ನಡವೇ ಇಲ್ಲದ ಇಂಗ್ಲಿಷ್ ಫಾಂಟಿನ ಹೆಸರನ್ನು ಮೊದಲು ಬರೆದಿಡುವವರ ಪುಟಗಳಲ್ಲಿ ಅಂಕಿಗಳದು ಒಂದು ಜಾತಿ, ಅಕ್ಷರಗಳದು ಇನ್ನೊಂದು.

ಫಾಂಟನ್ನು ಆರಿಸುವಾಗ ದೊಡ್ಡ ಪರದೆಯ ಮೇಲೆ ವರ್ಣಮಾಲೆಯನ್ನು ದೊಡ್ಡದಾಗಿ ಬರೆದು ಮೆಚ್ಚಿಕೊಳ್ಳುವುದು ರೂಢಿ. ‘ಅ ಆ ಇ ಈ’ ಯಾವ ಮೊಳೆಯಲ್ಲಿ ತಾನೆ ಚೆನ್ನಾಗಿರದು? ‘ವಿಧಿ’, ‘ಫಲ’, ‘ಸ್ತ್ರೀ’, ‘ರಾಷ್ಟ್ರ’ ಎಂಬ ನಾಲ್ಕು ಮಾತುಗಳನ್ನು ಕಡಿಮೆ ಬೆಲೆಯ ಒಂದು ಫೋನಿನಲ್ಲಿ, ಸಣ್ಣಕ್ಷರದಲ್ಲಿ, ಒಂದು ಸಲ ದಪ್ಪಗೆ ಮಾಡಿ, ಮನೆಯ ಹಿರಿಯರ ಕೈಗೆ ಕೊಟ್ಟು ಓದಿಸಿದರೆ ಮೊಳೆಯ ಯೋಗ್ಯತೆಯು ಆ ಕ್ಷಣದಲ್ಲಿಯೇ ತಿಳಿದುಬರುತ್ತದೆ.